ಜೀವ ಇದ್ದಿದ್ದರೆ

"ಜೀವ ಇದೆ ಕಣೋ. ಆರಾಮಾಗಿ ಬಾ, ಎಲ್ಲೂ ಹೋಗಲ್ಲ," ಎಂದು ಲೋಹಿತ್ ಫೋನಿನಲ್ಲಿ ಹೇಳಿದಾಗ ಗುಲಾಮ್ ನಬಿ "ಅಲ್‌ಹಮ್ದುಲಿಲ್ಲಾ" ಅಂದುಬಿಟ್ಟ. ಅಕ್ಟೋಬರ್ ತಿಂಗಳ ಶನಿವಾರ, ಬೆಳಗಿನ ಒಂಬತ್ತೂವರೆ. ಐರ್ಲೆಂಡಿನ ವಿಕ್ಲೋ ಗುಡ್ಡಗಳ ಬುಡದಲ್ಲಿ, ಕಾಡಿನ ಗೇಟಿನ ಪಕ್ಕದ ಪಾರ್ಕಿಂಗಿನಲ್ಲಿ ಅವನ ಕಾರೊಂದೇ ನಿಂತಿತ್ತು. ಬಾನೆಟ್ಟಿನ ಮೇಲೆ ಥರ್ಮಾಸಿನ ಮುಚ್ಚಳದಲ್ಲಿ ಚಹಾ ಹಬೆಯಾಡುತ್ತಿತ್ತು. ಚೆಲ್ಲಲು ಮನಸ್ಸಾಗದೆ ಅದನ್ನು ಕುಡಿದು ಮುಗಿಸಿದ. ಬಾಟಲಿ ನೀರಿನಲ್ಲಿ ಕೈ, ಬಾಯಿ, ಮುಖ, ಕಾಲು ತೊಳೆದು ವಜೂ ಮಾಡಿಕೊಂಡ. ಡಿಕ್ಕಿಯಿಂದ ಬಟ್ಟೆ ಸುತ್ತಿದ ಚೂರಿ ತೆಗೆದುಕೊಂಡು, ಕಾರು ಲಾಕ್ ಆಯಿತೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡಿ, ಏರು ಹತ್ತತೊಡಗಿದ.

ಮೇಲೆ ಒಣಗಿದ ಜರೀಗಿಡಗಳ ನಡುವೆ ಎಳೆಗೊಂಬಿನ ಗಂಡು ಜಿಂಕೆ ಬಿದ್ದಿತ್ತು. ಗುಂಡು ಸೊಂಟಕ್ಕೆ ತಾಗಿ ಹಿಂಗಾಲೆರಡೂ ಸತ್ತಿದ್ದವು, ಮುಂಗಾಲು ನೆಲ ಕೆರೆಯುತ್ತಿದ್ದವು. ಪಾಪ, ಗುರಿ ತಪ್ಪಿದೆ ಎಂದುಕೊಂಡ ನಬಿ. ಚೂರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಹತ್ತಿರ ಹೋದ, ಪ್ರಾಣಿಯ ಕಣ್ಣಿಗೆ ಬೀಳಬಾರದು ಎಂದು. ತಲೆಯನ್ನು ಮೆಲ್ಲಗೆ ತಿರುಗಿಸಿ ಅಂಗೈಯಿಂದ ಕಣ್ಣು ಮುಚ್ಚಿದ. "ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್" ಅಂದ. ಒಂದೇ ಎಳೆತ. ಸವಣೂರಿನ ಮಟನ್ ಅಂಗಡಿಯಲ್ಲಿ ಅವನ ಅಬ್ಬಾ ಮೂವತ್ತು ವರ್ಷ ಮಾಡಿದ ಕೆಲಸ ಅದು, ಮಗ ಟೆಸ್ಟಿಂಗ್ ಇಂಜಿನಿಯರಾಗಿ ಸಿಟಿವೆಸ್ಟಿನ ಆಫೀಸಿನಲ್ಲಿ ಕೂತರೂ ಕೈ ಮರೆತಿರಲಿಲ್ಲ. ಜಿಂಕೆ ತಣ್ಣಗಾಗುವವರೆಗೆ ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಲೋಹಿತನ ಜೊತೆಗಿದ್ದ ಡೊನಲ್ ಎಂಬ ಐರಿಷ್ ಮುದುಕ ಜೇಬಿನಲ್ಲಿ ಕೈಯಿಟ್ಟುಕೊಂಡು ಎಲ್ಲವನ್ನೂ ನೋಡಿ, ತಲೆಯಾಡಿಸಿ, "ಗ್ರ್ಯಾಂಡ್" ಅಂದ.

ಲೋಹಿತ್ ಮೈಸೂರಿನವನು, ನಬಿಯ ಆಫೀಸಿನಲ್ಲೇ ಕೋಡ್ ಬರೆಯುತ್ತಿದ್ದ. ಊರಲ್ಲಿ ಇಲಿಬೋನಿನಲ್ಲಿ ಸಿಕ್ಕ ಇಲಿಯನ್ನು ಬಿಟ್ಟುಬರಲು ಅಮ್ಮನನ್ನೇ ಕಳಿಸುತ್ತಿದ್ದೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದವನು, ಎರಡು ವರ್ಷದ ಹಿಂದೆ ಬಂದೂಕಿನ ಕ್ಲಬ್ಬು ಸೇರಿದ, ಲೈಸೆನ್ಸ್ ಮಾಡಿಸಿದ, ರೈಫಲ್ ಕೊಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಮಹಾರಾಯ ಮಧ್ಯಾಹ್ನದ ಮೀಟಿಂಗಿಗೂ ಎಲೆಬಳ್ಳಿ ಚಿತ್ರದ ಬೇಟೆಯ ಜಾಕೀಟು ಹಾಕಿಕೊಂಡು ಬರತೊಡಗಿದ. ಡೊನಲ್ ಅವನಿಗೆ ಗುರು. ಕಲ್ಲುಕ್ವಾರಿಗಳಿಗೆ ಯಂತ್ರ ಬಾಡಿಗೆ ಕೊಟ್ಟು ಉಂಡು ಉಬ್ಬಿದ ಆಸಾಮಿ, ವರ್ಷಕ್ಕೊಮ್ಮೆ ನಮೀಬಿಯಾಕ್ಕೆ ಹೋಗಿ ದೊಡ್ಡ ಪ್ರಾಣಿ ಹೊಡೆದುಬರುತ್ತಿದ್ದ. ಅವನ ಮನೆಯ ಗೋಡೆಯ ತುಂಬ ತಲೆಗಳು, ಸೋಫಾದ ಪಕ್ಕದ ದೀಪಕ್ಕೆ ಜೀಬ್ರಾದ ಕಾಲೇ ಕಂಬ. ಫೋನಿನಲ್ಲಿ ಒಂದು ಚಿತ್ರವಿತ್ತು: ಸತ್ತ ಸಿಂಹದ ಬೆನ್ನ ಮೇಲೆ ಸ್ಟೂಲಿನ ಮೇಲೆ ಕೂತಂತೆ ಕೂತು ಬಿಯರ್ ಕುಡಿಯುತ್ತಿರುವ ಡೊನಲ್. ಅದನ್ನು ನೋಡಿದಾಗ ನಬಿಗೆ ಬಾಯಲ್ಲಿ ಹುಳಿನೀರು ಬಂದಿತ್ತು. ಬರುವ ಮೇ ತಿಂಗಳಲ್ಲಿ ಲೋಹಿತನೂ ಅವನ ಜೊತೆ ನಮೀಬಿಯಾಕ್ಕೆ ಹೊರಟಿದ್ದ. ಅಲ್ಲಿಯವರೆಗೆ ಕೈ ಪಳಗಿಸಿಕೊಳ್ಳಲು ವಿಕ್ಲೋದ ಜಿಂಕೆಗಳು ಇದ್ದವಲ್ಲ.

ಹೊಡೆದದ್ದನ್ನು ತಿನ್ನುವವರು ಯಾರು ಎಂಬುದೇ ಅವರಿಬ್ಬರ ತೊಂದರೆ. ಡೊನಲನ ಫ್ರೀಜರು ತುಂಬಿ ತುಳುಕುತ್ತಿತ್ತು. ಲೋಹಿತನ ಹೆಂಡತಿ ಅಡಿಗೆಮನೆಗೆ ಆ ಮಾಂಸ ತರಕೂಡದು ಎಂದಿದ್ದಳು. ಹಾಗಾಗಿ ಸೆಪ್ಟೆಂಬರಿನಲ್ಲಿ ಲೋಹಿತ್ ಬಹಳ ಪ್ರೀತಿಯಿಂದ ನಬಿಗೆ ಫೋನ್ ಮಾಡಿ, ಇಡೀ ಜಿಂಕೆ ನಿನಗೇ, ಬಂದು ತೊಗೊಂಡು ಹೋಗು ಎಂದು ಕರೆದಿದ್ದ. ನಬಿ ಹೋಗಿ ನೋಡಿದ. ಕುತ್ತಿಗೆಗೆ ಸರಿಯಾಗಿ ಗುಂಡು ಬಿದ್ದು ಸತ್ತಿತ್ತು, ಬಿದ್ದದ್ದು ಅದಕ್ಕೇ ಗೊತ್ತಾಗಿರಲಿಕ್ಕಿಲ್ಲ. ಆದರೆ ಗುಂಡಿಗೆ ಸತ್ತದ್ದು ನಬಿಯ ಮನೆಯಲ್ಲಿ ನಡೆಯುವುದಿಲ್ಲ, ಉಸಿರಿರುವಾಗ ಹೆಸರು ಹೇಳಿ ಕೊಯ್ದಿರಬೇಕು. ಒಲ್ಲೆ ಎಂದರೆ ಪ್ರೀತಿಯಿಂದ ಕರೆದವನ ಮನಸ್ಸು ನೋಯುತ್ತದೆ. ಹುಡುಗಿ ನೋಡಲು ಹೋದವರು ಒಪ್ಪಿಗೆಯಿಲ್ಲದಿದ್ದರೂ ಉಪ್ಪಿಟ್ಟು ಹೊಗಳಿ ಬರುತ್ತಾರಲ್ಲ, ಹಾಗೆ ನಬಿ ಅಂದಿದ್ದ:

"ಛಲೋ ಐತಿ ಬಿಡು, ಲೋಹಿತ್. ಏನ್ ಮಾಡೂದು, ಜೀವ ಇದ್ದಿದ್ರ ಆಗ್ತಿತ್ತು."

ಲೋಹಿತ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಡೊನಲನಿಗೆ ಹೇಳಿದ. ಡೊನಲ್ ನಬಿಯನ್ನೊಮ್ಮೆ, ಜಿಂಕೆಯನ್ನೊಮ್ಮೆ ನೋಡಿದ. ನಮ್ಮ ಕಡೆ ಇಂಥ ಮಾತಿಗೆ 'ಬೇಡ' ಎಂಬುದೊಂದೇ ಅರ್ಥ. ಆ ಮಾತು ಅಲ್ಲಿಗೇ ಸತ್ತಿತು ಎಂದುಕೊಂಡು ನಬಿ ಮನೆಗೆ ಬಂದಿದ್ದ.

ಅಕ್ಟೋಬರಿನಲ್ಲಿ ಲೋಹಿತ್, ಸಿಕ್ಕರೂ ಸಿಗಬಹುದು, ಚೂರಿ ತೊಗೊಂಡು ಕಾಡಿನ ಗೇಟಿನ ಹತ್ತಿರ ಕಾದಿರು ಎಂದು ಕರೆದ. ನಿಜವಾಗಿಯೂ ಜೀವವಿರುವ ಜಿಂಕೆ ಸಿಕ್ಕಾಗ ಅವನು ಅದನ್ನು ರಿಜಕ್ ಅಂದುಕೊಂಡ, ದೇವರು ಕಳಿಸಿದ ಅನ್ನ. ಹೆಂಡತಿ ಅಜ್ರಾ ಇಡೀ ಭಾನುವಾರ ಕೂತು ಮಾಂಸ ಕೊಯ್ದು ಪೊಟ್ಟಣ ಕಟ್ಟಿದಳು. ಸಿಟಿವೆಸ್ಟಿನ ಸುತ್ತಮುತ್ತ ಕರ್ನಾಟಕದ ಮುಸ್ಲಿಂ ಮನೆಗಳು ಹನ್ನೊಂದು, ಹನ್ನೊಂದಕ್ಕೂ ಹೋಯಿತು. ಅಂಗಡಿಯಲ್ಲಿ ಹಲಾಲ್ ಎಂಬ ಚೀಟಿ ಅಂಟಿಸಿದ ಮಾಂಸ ಬೇಕಾದಷ್ಟು ಸಿಗುತ್ತದೆ. ಆದರೆ ಕಣ್ಣಾರೆ ಕಂಡವನ ಕೈಯ ಮಾಂಸದ ಮಾತೇ ಬೇರೆ.

ಅವುಗಳಲ್ಲೊಂದು ಮನೆಯ ಅಶ್ಫಾಕನ ತಾಯಿ ಮೆಹಬೂಬ್ಬೀಯಂತೂ ವಿಜಯಪುರದಿಂದ ಬಂದು ಎಂಟು ತಿಂಗಳಾದರೂ ಈ ದೇಶದಲ್ಲಿ ಒಂದು ತುಂಡು ಮಾಂಸ ಮುಟ್ಟಿರಲಿಲ್ಲ. ಮಷೀನಿನಾಗ ಕೊಯ್ದದ್ದು ಯಾರು, ಹೆಸರು ಹೇಳಿದ್ದು ಯಾರು, ಟೇಪ್ ರಿಕಾರ್ಡೋ ಏನೋ ಎಂದು ಬೇಳೆ, ಬದನೆಕಾಯಿಯಲ್ಲೇ ದಿನ ದೂಡುತ್ತಿದ್ದಳು. ನಬಿ ಪೊಟ್ಟಣ ಕೊಟ್ಟಾಗ ಆಕೆ ಕೇಳಿದ್ದು ಒಂದೇ ಮಾತು. "ನೀನ ಕೊಯ್ದೀ?" ಹೌದು ಖಾಲಾ ಅಂದ. "ಹಂಗಾರ ನಾ ಉಣ್ತೀನಿ." ಅಂದಿನಿಂದ ಎದುರಿಗೆ ಸಿಕ್ಕವರೆಲ್ಲ ನಬಿ ಭಾಯಿಯ ಕೈ, ನಬಿ ಭಾಯಿಯ ಕೈ ಎನ್ನುತ್ತಿದ್ದರು. ಜುಮ್ಮಾ ನಮಾಜಿನ ನಂತರ ಜನ ಬಂದು ಮುಂದಿನದು ಯಾವಾಗ ಎಂದು ಕೇಳುತ್ತಿದ್ದರು. ಟೆಸ್ಟಿಂಗ್ ಇಂಜಿನಿಯರನನ್ನು ಯಾರೂ ಹೊಗಳುವುದಿಲ್ಲ, ತಪ್ಪು ಹುಡುಕುವವನು ಯಾರಿಗೆ ಬೇಕು? ನಬಿಗೆ ಈ ಹೊಗಳಿಕೆ ಹಿತವಾಗಿತ್ತು. ಅದನ್ನು ಮುಚ್ಚಿಡುವುದೇಕೆ.

ನವೆಂಬರ್ ಕೊನೆಯ ಶನಿವಾರ ಮತ್ತೆ ಕರೆ ಬಂತು. ಗಾಳಿಗೆ ಮರ ಬಿದ್ದು ಪಾರ್ಕಿಂಗಿನ ದಾರಿ ಕಟ್ಟಿದೆ, ನಿನ್ನ ಕಾರು ಹಳ್ಳಿಯ ಚರ್ಚಿನ ಹತ್ತಿರ ಬಿಡು, ನಾವೇ ಜೀಪಿನಲ್ಲಿ ಹತ್ತಿಸಿಕೊಳ್ಳುತ್ತೇವೆ ಎಂದ ಲೋಹಿತ್. ಹೀಗೆ ನಬಿ ಮೊದಲ ಸಲ ಅವರ ಬೇಟೆ ಮುಗಿಯುವ ಮೊದಲೇ ಅವರ ಜೊತೆಗಿದ್ದ.

ಜೀಪಿನ ಹಿಂದಿನ ಸೀಟಿನಲ್ಲಿ ರಕ್ತದ ಹಳೆಯ ನಾತ. ಡೊನಲ್ ಗಾಡಿ ಓಡಿಸುತ್ತ ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಿದ್ದ. ಕಾಫಿಗಿಂತ ವಿಸ್ಕಿಯ ವಾಸನೆಯೇ ಜೋರಾಗಿತ್ತು. ಅವನ ಇಂಗ್ಲಿಷ್ ನಬಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಲೋಹಿತ್ ಎಲ್ಲಿ ನಗುತ್ತಾನೆ ಎಂಬುದರಿಂದ ತಿಳಿಯುತ್ತಿತ್ತು. ಲೋಹಿತನ ತೊಡೆಯ ಮೇಲೆ ರೈಫಲ್. ಗಾಡಿ ಕುಲುಕಿದಾಗಲೆಲ್ಲ ಅದರ ಮೂತಿ ಒಮ್ಮೆ ಡೊನಲನ ಮೊಣಕಾಲಿಗೆ, ಒಮ್ಮೆ ಹೊರಗಿನ ಆಕಾಶಕ್ಕೆ ತಿರುಗುತ್ತಿತ್ತು.

"ಗುಂಡು ತುಂಬೇತೇನು ಅದರಾಗ?" ಎಂದು ಕೇಳಿದ ನಬಿ.

"ಮತ್ತೆ ಖಾಲಿ ಇಟ್ಕೊಂಡು ಏನ್ ಗುರು ಮಾಡೋದು? ಹೊಡೆಯೋಷ್ಟರಲ್ಲಿ ಓಡೋಗ್ತವೆ."

ಮರ ಕಡಿದ ಬಯಲಿನ ಅಂಚಿನಲ್ಲಿ ಐದು ಹೆಣ್ಣು ಜಿಂಕೆಗಳು ಮೇಯುತ್ತಿದ್ದವು. ಅವುಗಳ ನಡುವೆ ಈ ವರ್ಷದ ಮರಿಯೊಂದಿತ್ತು. ಡೊನಲ್ ಇಂಜಿನ್ ಆರಿಸಿದ. ಯಾರೂ ಕೆಳಗಿಳಿಯಲಿಲ್ಲ. ಲೋಹಿತ್ ಕಿಟಕಿ ಇಳಿಸಿ ಬಾಗಿಲಿನ ಮೇಲೆ ರೈಫಲ್ ಊರಿದ. ಡೊನಲ್ ದುರ್ಬೀನು ಹಿಡಿದು ಪಿಸುಗುಟ್ಟತೊಡಗಿದ. ಈ ಸಲ ಅವನ ಇಂಗ್ಲಿಷ್ ನಬಿಗೆ ಪ್ರತಿಯೊಂದು ಅಕ್ಷರವೂ ತಿಳಿಯಿತು.

"ಎದೆಗೆ ಬೇಡ. ಹಿಂದಕ್ಕೆ. ಇನ್ನೂ ಹಿಂದಕ್ಕೆ, ಸೊಂಟದ ಮೂಳೆಗೆ. ಕಳೆದ ವಾರದ ಹಾಗೆ ಕೊಂದುಬಿಡಬೇಡ ಮತ್ತೆ."

ಗುಂಡಿನ ಶಬ್ದಕ್ಕೆ ನಬಿಯ ಕಿವಿ ಗುಂಯ್‌ಗುಟ್ಟಿತು. ನಾಲ್ಕು ಜಿಂಕೆಗಳು ಮರಗಳೊಳಗೆ ಮಾಯವಾದವು. ಐದನೆಯದರ ಹಿಂಭಾಗ ನೆಲಕ್ಕೆ ಕುಸಿಯಿತು. ಅದು ಮುಂಗಾಲಿನ ಮೇಲೆ ಎದ್ದು, ಎಳೆದುಕೊಂಡು, ಬಿದ್ದು, ಮತ್ತೆ ಎದ್ದಿತು. ಮರಿ ಸ್ವಲ್ಪ ದೂರ ಓಡಿ ನಿಂತು ಹಿಂತಿರುಗಿ ನೋಡಿತು. ಡೊನಲ್ ಲೋಹಿತನ ಬೆನ್ನು ಚಪ್ಪರಿಸಿ ಗ್ರ್ಯಾಂಡ್, ಗ್ರ್ಯಾಂಡ್ ಅಂದ.

ನಬಿ ಬಾಗಿಲಿಗೆ ಕೈ ಹಾಕಿದ. ಅಷ್ಟರಲ್ಲಿ ಡೊನಲ್ "ನೋಡಲ್ಲಿ" ಎಂದು ಕೂಗಿ ಇಂಜಿನ್ ಶುರುಮಾಡಿದ. ದೂರದ ದಿಣ್ಣೆಯ ಮೇಲೆ ದೊಡ್ಡ ಕೊಂಬಿನ ಗಂಡು ಓಡುತ್ತಿತ್ತು. ಜೀಪು ನೆಗೆಯಿತು.

"ಇದನ್ನ ಮುಗಿಸಿ ಹೋಗ್ರಪಾ," ಎಂದ ನಬಿ. "ಲೋಹಿತ್, ನಿಲ್ಲಿಸಂತ ಹೇಳು. ಅದು ಒದ್ದಾಡಕತ್ತೇತಿ."

"ಬಂದು ಮಾಡೋಣ ಇರೋ. ಎಲ್ಲೋಗತ್ತೆ ಅದು?"

ಡೊನಲ್ ಏನೋ ಹೇಳಿದ. ಲೋಹಿತ್ ನಕ್ಕು, ನಬಿಗೂ ನಗು ಬರಲಿ ಎಂದು ಕನ್ನಡಕ್ಕೆ ತಿರುಗಿಸಿದ: "ಜೀವ ಇರೋವರೆಗೂ ಕೆಡಲ್ಲ, ಫ್ರಿಜ್ಜೇ ಬೇಡ ಅಂತಾನೆ."

ಡ್ಯಾಶ್‌ಬೋರ್ಡಿನ ಗಡಿಯಾರ ಒಂಬತ್ತು ಐವತ್ತು ತೋರಿಸುತ್ತಿತ್ತು. ಅಕ್ಟೋಬರಿನ ಆ ಬೆಳಿಗ್ಗೆ ನಬಿ ಬಿಸಿಬಿಸಿ ಚಹಾ ಕುಡಿದು ಮುಗಿಸಿದ್ದ. ಕಾರಿನ ಬಾಗಿಲನ್ನು ಎರಡು ಸಲ ಎಳೆದು ನೋಡಿದ್ದ. ಆಗ ಮೇಲೆ ಆ ಎಳೆಗೊಂಬಿನದು ಇವನಿಗಾಗಿ ಕಾದಿತ್ತು, ಮುಂಗಾಲಿನಲ್ಲಿ ನೆಲ ಕೆರೆಯುತ್ತ. ಗುರಿ ತಪ್ಪಿರಲೇ ಇಲ್ಲ. ಗುರಿ ಅದೇ ಆಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಫೀಸಿನಲ್ಲಿ ದಿನವಿಡೀ ಬೇರೆಯವರು ಬರೆದ ಸಾಲು ಹಿಡಿದು, ಇದಕ್ಕೆ ಹೀಗೂ ಅರ್ಥವಾಗುತ್ತದೆ, ಹಾಗೂ ಅರ್ಥವಾಗುತ್ತದೆ, ಸರಿಪಡಿಸಿ ಎಂದು ವಾಪಸು ಕಳಿಸುವವನು ಅವನು. ತನ್ನ ಬಾಯಿಂದ ಬಿದ್ದ ಒಂದು ಸಾಲನ್ನು ಹೀಗೂ ಓದಬಹುದು ಎಂದು ಅವನಿಗೆ ಹೊಳೆದಿರಲಿಲ್ಲ.

ಜೀಪು ದಿಣ್ಣೆಯ ಕೆಳಗೆ ನಿಂತಿತು. ಈಗ ರೈಫಲ್ ಡೊನಲನ ಕೈಗೆ ಹೋಗಿತ್ತು. ಕೊಂಬಿನ ಜಿಂಕೆ ದಿಣ್ಣೆಯ ನೆತ್ತಿಯ ಮೇಲೆ ನಿಂತಿತ್ತು, ಅದರ ಹಿಂದೆ ಬರೀ ಆಕಾಶ. ಅದರಿಂದ ಕೊಂಚ ಎಡಕ್ಕೆ, ನಡೆದಾಡುವವರ ಕಾಲುದಾರಿಯಲ್ಲಿ, ಕೆಂಪು ಜಾಕೀಟಿನ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ಮೇಲೇರಿ ಬಂದಳು.

"ಯಾರೋ ಇದ್ದಾರ!" ಎಂದು ನಬಿ ಕಿರುಚಿದ. ಕನ್ನಡದಲ್ಲಿ ಕಿರುಚಿದ್ದಕ್ಕೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಿರುಚಿದ. ಡೊನಲ್ ಸುಮ್ಮನಿರು ಎಂಬಂತೆ ಎಡಗೈಯ ಎರಡು ಬೆರಳೆತ್ತಿ, ಮತ್ತೆ ಆ ಕೈಯನ್ನು ರೈಫಲಿಗೆ ಕೊಟ್ಟು, ಹೊಡೆದ. ಗುಂಡು ಕಲ್ಲಿಗೆ ಬಡಿದು ಚೀರಿಕೊಂಡು ಹೋಯಿತು. ಜಿಂಕೆ ಆಚೆ ಹಾರಿತು. ಹೆಂಗಸು ನಾಯಿಯನ್ನು ತಬ್ಬಿಕೊಂಡು ನೆಲಕ್ಕೆ ಕುಕ್ಕರಿಸಿದಳು. ನಾಯಿ ಒಂದೇ ಸಮನೆ ಬೊಗಳುತ್ತಿತ್ತು.

ಡೊನಲ್ ಬೈದ. ಅಪ್ಪಿತಪ್ಪಿ ಏನಾದರೂ ಆಗಿದ್ದರೆ ಎಂದು ಹೆದರಿ ಬೈದದ್ದಲ್ಲ, ಕೊಂಬು ತಪ್ಪಿತಲ್ಲ ಎಂದು. ಅವಳು ನಂಬರ್ ಪ್ಲೇಟು ನೋಡುವ ಮೊದಲು ಜೀಪನ್ನು ರಿವರ್ಸಿನಲ್ಲೇ ಅರ್ಧ ಮೈಲಿ ಓಡಿಸಿದ. ತಿರುವು ದಾಟಿದ ಮೇಲೆ ಇಬ್ಬರೂ ನಗತೊಡಗಿದರು. ಲೋಹಿತನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಂದೇ ಮೇಜಿನಲ್ಲಿ ಮೂರು ವರ್ಷ ಡಬ್ಬಿ ಬಿಚ್ಚಿ ಉಂಡ ಆ ಮುಖವನ್ನು ನಬಿ ಕನ್ನಡಿಯಲ್ಲಿ ನೋಡಿದ. ಹೇಸಿಗೆಯಾಯಿತು. ಕನ್ನಡಿಯ ಮೂಲೆಯಲ್ಲಿ ತನ್ನದೂ ಅರ್ಧ ಮುಖ ಕಾಣುತ್ತಿತ್ತು, ಅದನ್ನು ನೋಡಿಯೂ ಹೇಸಿಗೆಯಾಯಿತು.

ಬಯಲಿಗೆ ವಾಪಸು ಬಂದಾಗ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಜಿಂಕೆ ಬಿದ್ದಲ್ಲಿರಲಿಲ್ಲ. ಹುಲ್ಲಿನಲ್ಲಿ ರಕ್ತದ ಗೆರೆ ಎಳೆದುಕೊಂಡು ಹೋಗಿತ್ತು. ಕಾಲುವೆಯ ಅಂಚಿನಲ್ಲಿ, ಕಡಿದ ಮರದ ಬೊಡ್ಡೆಗೆ ಎದೆಯೊತ್ತಿ ಅದು ಮಲಗಿತ್ತು. ಎರಡೂ ಮುಂಗೊರಸಿನ ತುಂಬ ಮಣ್ಣು. ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ಮರಿ ಹತ್ತು ಮಾರು ದೂರದ ಪೊದೆಯ ಪಕ್ಕ ನಿಂತಿತ್ತು, ಇವರು ಬಂದರೂ ಓಡಲಿಲ್ಲ.

ಲೋಹಿತ್ ಜಿಂಕೆಯ ಪಕ್ಕ ಮಂಡಿಯೂರಿ ಅದರ ಕುತ್ತಿಗೆಯ ಮೇಲೆ ತೋಳು ಹಾಕಿ, ಹೆಬ್ಬೆರಳೆತ್ತಿ ಡೊನಲನ ಕಡೆ ನಕ್ಕ. ಡೊನಲ್ ಫೋಟೋ ತೆಗೆದ. ಕಿವಿ ಅಲ್ಲಾಡಿದ್ದಕ್ಕೆ ಚಿತ್ರ ಮಸುಕಾಯಿತು ಎಂದು ಇನ್ನೊಂದು ತೆಗೆದ.

"ಲೋಹಿತ್, ತಲಿಗೆ ಒಂದ ಗುಂಡ ಹೊಡಿ," ಎಂದ ನಬಿ. "ಈಗಿಂದೀಗ ಹೊಡಿ."

"ಹೊಡೆದ್ರೆ ನೀನ್ ತಿನ್ನಲ್ವಲ್ಲೋ. ವೇಸ್ಟ್ ಆಗತ್ತೆ."

"ನಂಗ ಬ್ಯಾಡ. ನೀವು ಬೇಕಂತನ ಸೊಂಟಕ್ಕ ಹೊಡಿತೀರಿ."

ಲೋಹಿತನ ಮುಖದಲ್ಲಿ ಅಪರಾಧಿಯ ಕಳೆಯೇನೂ ಇರಲಿಲ್ಲ. ನಿಜವಾಗಿ ನೊಂದಿದ್ದ, ಉಪಕಾರ ಮಾಡಿ ಬೈಸಿಕೊಂಡವನ ಹಾಗೆ. "ನೀನೇ ತಾನೆ ಹೇಳಿದ್ದು, ಜೀವ ಇದ್ದಿದ್ರೆ ಆಗ್ತಿತ್ತು ಅಂತ? ನಿನಗೋಸ್ಕರ ಎರಡು ತಿಂಗಳಿಂದ ಹಿಂಗೇ ಹೊಡೀತಾ ಇದೀವಿ ಕಣೋ. ಸುಲಭ ಅಂದ್ಕೊಂಡ್ಯಾ? ನಾಲ್ಕು ಹಾಳಾದ್ವು. ನಿನಗೆ ಫೋನ್ ಮಾಡೋಷ್ಟರಲ್ಲಿ ಸತ್ತೋದ್ವು."

ನಾಲ್ಕು. ನಬಿ ಡೊನಲನ ಕಡೆ ತಿರುಗಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ದಯಮಾಡಿ ಅದನ್ನು ಹೊಡೆಯಿರಿ ಎಂದು ಬೇಡಿಕೊಂಡ. ಡೊನಲ್ ಸಾವಧಾನದಿಂದ ರೈಫಲಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಇಡೀ ಬೆಳಿಗ್ಗೆ ಅವನು ಎಚ್ಚರ ವಹಿಸಿ ಮಾಡಿದ ಕೆಲಸ ಅದೊಂದೇ. ಆಮೇಲೆ ಚೂರಿಯತ್ತ ಗಲ್ಲ ಎತ್ತಿ, ನಿನ್ನ ಧರ್ಮ, ನಿನ್ನ ಕೆಲಸ, ನಾನು ಅದಕ್ಕೆ ಅಡ್ಡ ಬರುವವನಲ್ಲ ಅಂದ. ಅದೂ ಬಹಳ ಗೌರವದಿಂದ.

ನಬಿ ನಿಂತೇ ಇದ್ದ. ಕೊಯ್ಯದೆ ಹೋದರೆ ಅದು ಒದ್ದಾಡುತ್ತಲೇ ಇರುತ್ತದೆ. ಹೆಸರು ಹೇಳಿ ಕೊಯ್ದರೆ ಈ ಇಬ್ಬರ ಬೆಳಗ್ಗೆಯ ಆಟಕ್ಕೆ ದೇವರ ಹೆಸರಿನಲ್ಲಿ ಸಹಿ ಹಾಕಿದಂತೆ. ಮುಂದಿನ ವಾರ ಇನ್ನೊಂದು, ಅದರ ಮುಂದಿನ ವಾರ ಮತ್ತೊಂದು, ಹನ್ನೊಂದು ಮನೆಗಳ ತಟ್ಟೆ ಇವರ ಬಂದೂಕಿಗೆ ನೆಪ. ಜಿಂಕೆಯ ಕಣ್ಣು ಅವನ ಕಡೆ ತಿರುಗಿತು, ಅಥವಾ ಹಾಗೆ ಅನ್ನಿಸಿತು. ಅವನು ಬಟ್ಟೆ ಬಿಚ್ಚಿದ.

ತಲೆ ತಿರುಗಿಸಿ ಕಣ್ಣು ಮುಚ್ಚಿದ. ಹನ್ನೆರಡನೇ ವಯಸ್ಸಿನಿಂದ ಚೂರಿ ಹಿಡಿದಾಗಲೆಲ್ಲ ನಾಲಿಗೆ ತಾನಾಗಿ ಆ ಎರಡು ಮಾತು ಹೇಳಿಬಿಡುತ್ತಿತ್ತು. ಈಗಲೂ ಹೊರಟಿತು. ನಬಿ ಹಲ್ಲು ಕಚ್ಚಿ ಅದನ್ನು ಹಿಡಿದ, ಬಾಯಲ್ಲಿ ರಕ್ತದ ರುಚಿ ಬಂತು. ಏನೂ ಹೇಳದೆ ಎಳೆದ. ಕೈ ಅಬ್ಬಾನ ಹಾಗೆ ನೇರವಾಗಿಯೇ ಹೋಯಿತು. ಜಿಂಕೆ ಬಹಳ ಹೊತ್ತು ಸತಾಯಿಸಲಿಲ್ಲ, ಸಾಯಲು ಅದಕ್ಕೂ ಅವಸರವಿತ್ತು.

ಎದ್ದು ನಿಂತು ಅವನು ಹೇಳಿದ: "ಹೆಸರು ತಗೊಂಡಿಲ್ಲ ನಾ. ಇದು ಹಲಾಲ್ ಅಲ್ಲ. ನಿಮಗ ಗೊತ್ತಿರ್ಲಿ ಅಂತ ಹೇಳಾಕತ್ತೀನಿ."

ಲೋಹಿತ್ ಗಡಿಯಾರ ನೋಡಿಕೊಂಡ. "ಸರಿ, ಈಗ ಹೇಳ್ಬಿಡು. ಇನ್ನೂ ಬಿಸಿಯಾಗೇ ಇದೆಯಲ್ಲ."

ನಬಿ ಬಗ್ಗಿ ಚೂರಿಯ ಬಟ್ಟೆ ಎತ್ತಿಕೊಂಡ.

"ಯಾರಿಗೆ ಗೊತ್ತಾಗತ್ತೆ ಗುರು? ನೀನ್ ಹೇಳಿದ್ರೆ ತಾನೇ? ಅವರೇನ್ ಬಂದ್ ನೋಡ್ತಾರಾ?" ಅವನು ಹತ್ತಿರ ಬಂದು ನಬಿಯ ಭುಜದ ಮೇಲೆ ಕೈ ಹಾಕಿದ, ಆಗಷ್ಟೇ ಜಿಂಕೆಯ ಕುತ್ತಿಗೆಯ ಮೇಲೆ ಹಾಕಿದ್ದ ಅದೇ ತೋಳು. "ಸೆಂಟಿಮೆಂಟ್ ಜಾಸ್ತಿ ಆಯ್ತು ಕಣೋ ನಿಂಗೆ. ತೊಗೊಂಡೋಗು. ಮೂವತ್ತು ಕೆಜಿ ಬರತ್ತೆ."

ನಬಿ ಆ ತೋಳನ್ನು ಕೆಳಗಿಳಿಸಿದ. ಚೂರಿ ಒರೆಸಲಿಲ್ಲ, ಹಾಗೇ ಬಟ್ಟೆಯಲ್ಲಿ ಸುತ್ತಿದ. "ನಿನ್ನ ಜೋಡಿ ಇನ್ನ ನಾ ಊಟಕ್ಕ ಕುಂದ್ರೂದಿಲ್ಲ, ಲೋಹಿತ್," ಅಂದ. ಹೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು. ಆದರೆ ಅವನ ಕಡೆಯವರಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಚರ್ಚಿನವರೆಗಿನ ನಾಲ್ಕು ಮೈಲಿ ನಡೆದೇ ಹೋದ. ದಾರಿಯಲ್ಲಿ ಜೀಪು ಅವನನ್ನು ದಾಟಿಕೊಂಡು ಹೋಯಿತು, ನಿಲ್ಲಲಿಲ್ಲ. ಕೆಂಪು ಜಾಕೀಟಿನ ಹೆಂಗಸು ಎಲ್ಲಾದರೂ ಸಿಕ್ಕಾಳೇ ಎಂದು ನೋಡುತ್ತ ಬಂದ, ಸಿಗಲಿಲ್ಲ. ಕಾರಿನಲ್ಲಿ ಕೂತು ಪೊಲೀಸರಿಗೆ ಫೋನ್ ಮಾಡಿ ಜೀಪಿನ ನಂಬರು, ಕಾಲುದಾರಿ, ಗುಂಡು, ಎಲ್ಲ ಹೇಳಿದ. ನೀವು ಅಲ್ಲೇನು ಮಾಡುತ್ತಿದ್ದಿರಿ ಎಂದು ಆ ಕಡೆಯವರು ಕೇಳಿದಾಗ, "ನಾನೂ ಅವರ ಜೊತೆಗಿದ್ದೆ" ಎಂದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆಸಿದ.

ಮನೆಯಲ್ಲಿ ಅಜ್ರಾ ಎಲ್ಲವನ್ನೂ ಕೇಳಿಸಿಕೊಂಡಳು. ಮುಗಿದ ಮೇಲೆ ಫ್ರೀಜರ್ ತೆರೆದು ಅಕ್ಟೋಬರಿನ ಉಳಿದೆರಡು ಪೊಟ್ಟಣಗಳನ್ನು ಕಸದ ಚೀಲಕ್ಕೆ ಹಾಕಿದಳು.

"ನಮ್ಮವರ ವಾಟ್ಸಾಪ್ ಗ್ರೂಪಿನಾಗ ಬರೀರಿ," ಅಂದಳು. "ಇದ್ದದ್ದು ಇದ್ದಂಗ ಬರೀರಿ. ಜನ ಏನರ ಅನ್ಲಿ."

"ಇನ್ನ ನನ್ನ ಕೈಯಿಂದ ಯಾರೂ ಏನೂ ತಗೊಳ್ಳೂದಿಲ್ಲ, ಅಜ್ರಾ."

"ತಗೊಳ್ಳಬಾರ್ದು ಬಿಡ್ರಿ." ಅವಳು ಚೀಲದ ಬಾಯಿ ಕಟ್ಟಿದಳು. "ಖಾಲಾಗ ಮಾತ್ರ ಹೋಗಿ ಹೇಳಿ ಬರ್ರಿ. ಆಕಿಗೆ ಮತ್ತೊಬ್ಬರ ಬಾಯಿಂದ ಗೊತ್ತಾಗಬಾರ್ದು."

ಅಶ್ಫಾಕನ ಮನೆ ಮುಂದಿನ ಬೀದಿಯಲ್ಲೇ ಇತ್ತು. ಅವನೂ ಹೆಂಡತಿಯೂ ಪೇಟೆಗೆ ಹೋಗಿದ್ದರು, ಬಾಗಿಲು ತೆರೆದವಳು ಮೆಹಬೂಬ್ಬೀಯೇ. ನಬಿಯನ್ನು ನೋಡಿ ಮುಖ ಅರಳಿತು. ಒಳಗೆ ಮಸಾಲೆಯ ಘಮ ತುಂಬಿತ್ತು.

"ಬಾರಪಾ, ಬಾ. ನಿನ್ನ ಹೆಸರ ಹೇಳಿಕೋತನ ಉಂಡೆ ಈಗ. ನಿನ್ನ ಕೈಯಾಂದ ಕಡೇ ಪೊಟ್ನ ಇತ್ತು, ಖೀಮಾ ಮಾಡಿದ್ದೆ. ಕುಂದ್ರು, ನಿನಗೂ ಎರಡು ರೊಟ್ಟಿ ಕೊಡ್ತೀನಿ." ಬೇಡ ಅನ್ನುವ ಮೊದಲೇ ತಟ್ಟೆ ಅವನ ಮುಂದೆ ಬಂತು. ಜೋಳದ ರೊಟ್ಟಿ, ಖೀಮಾ, ಹೆಚ್ಚಿದ ಉಳ್ಳಾಗಡ್ಡಿ.

ನಬಿ ತಟ್ಟೆಯನ್ನು ಮುಟ್ಟದೆ ಹೇಳತೊಡಗಿದ. ತಲೆ ತಗ್ಗಿಸಿ ಹೇಳಿದ, ಆದರೆ ಏನನ್ನೂ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ತಾನು ಆಡಿದ ಮಾತು, ಸೊಂಟಕ್ಕೆ ಹೊಡೆಯುವುದು, ಹಾಳಾದ ನಾಲ್ಕು, ಇವತ್ತಿನ ಹೆಣ್ಣು, ಅದರ ಮರಿ. ಮುದುಕಿ ಎದುರಿನ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಳು. ಗೋಡೆಯಾಚೆ ಪಕ್ಕದ ಮನೆಯ ಟಿವಿಯಲ್ಲಿ ಯಾವುದೋ ಮ್ಯಾಚಿನ ಗದ್ದಲ.

"ಅಕ್ಟೋಬರಿಂದಕ್ಕ ಹೆಸರು ತಗೊಂಡಿದ್ದೆ, ಖಾಲಾ," ಎಂದು ಕೊನೆಗೆ ಹೇಳಿದ. "ಕಿತಾಬಿನ ಪ್ರಕಾರ ಅದು ಹಲಾಲ್ ಅಂತಾರೋ ಏನೋ. ಮಸೀದಿ ಹಜರತ್‌ರನ್ನ ಕೇಳ್ತೀನಿ. ನಂಗ ತಿಳೀವಲ್ತು."

"ಕಿತಾಬಿನ ಮಾತ ಅವರನ್ನ ಕೇಳು." ಅವಳ ದನಿ ಮೆಲ್ಲಗಿತ್ತು. "ನಂಗ ನೀ ಹೇಳು. ಎಷ್ಟೊತ್ತು ಬಿದ್ದಿತ್ತು ಅದು?"

"ಇವತ್ತಿಂದು ನಲವತ್ತು ನಿಮಿಷ."

"ನಾ ಉಂಡದ್ದು?"

ನಬಿ ಆ ದಿನದ ಏರುದಾರಿಯನ್ನು, ಬಾಟಲಿ ನೀರನ್ನು, ಲೆಕ್ಕ ಹಾಕಲು ನೋಡಿದ. ಹೊಡೆದದ್ದು ಎಷ್ಟು ಹೊತ್ತಿಗೋ, ಫೋನ್ ಮಾಡಿದ್ದು ಎಷ್ಟು ಹೊತ್ತಿಗೋ. "ಗೊತ್ತಿಲ್ಲ, ಖಾಲಾ," ಅಂದ. "ಇದಕ್ಕಿಂತ ಕಡಿಮಿ ಇರಲಿಕ್ಕಿಲ್ಲ."

ಮೆಹಬೂಬ್ಬೀ ಕೈ ಚಾಚಿ ಅವನ ಮುಂದಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

"ನಾ ಎರಡು ಸಲ ನೀಡಿಕೊಂಡೆನಪಾ," ಅಂದಳು.

ಸೀರೆಯ ಸೆರಗು ತೆಗೆದುಕೊಂಡು ತುಟಿ ಒರೆಸಿಕೊಂಡಳು. ಸೆರಗನ್ನು ನೋಡಿದಳು, ಏನೂ ಇರಲಿಲ್ಲ. ಸೆರಗಿನ ಶುಚಿಯಾದ ಇನ್ನೊಂದು ಮಡಿಕೆ ಹುಡುಕಿ ಮತ್ತೊಮ್ಮೆ ಒರೆಸಿಕೊಂಡಳು.